ಸಮುದ್ರ ಎಡಗಡೆ ಇರಲಿ

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಸಲದ ವಿಷಯ: ಬೈಕಿನಲ್ಲಿ ಹೊರದೇಶದ ಕರಾವಳಿ.

ಬೈಕಿನಲ್ಲಿ ಹೊರದೇಶ ಸುತ್ತುವ ಆಸೆ ಇದ್ದವರು ಬರೆಯಿರಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಮೈಸೂರು, ಮಂಡ್ಯ ಕಡೆಯವು. ಹೆಚ್ಚುಕಮ್ಮಿ ಎಲ್ಲರಿಗೂ ಸಮುದ್ರದ ಪಕ್ಕದ ರಸ್ತೆಯೇ ಬೇಕು. ನಮಗೆ ಬೆಟ್ಟ ಹತ್ತಿರ, ಸಮುದ್ರ ದೂರ, ಅದಕ್ಕೇ ಇರಬೇಕು. ಒಂದೇ ತರದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಾವು ಮೂವರು ಗೆಳೆಯರು. ಊಟಿ, ಕೊಡಗು, ವಯನಾಡು ಎಲ್ಲಾ ಮುಗಿದಿದೆ. ಒಂದು ವಾರ ರಜೆ ಹೊಂದಿಸಿ ವಿದೇಶದಲ್ಲಿ ಸಮುದ್ರದ ಪಕ್ಕ ಬೈಕ್ ಓಡಿಸಬೇಕು ಅಂತ ಆಸೆ. ಒಬ್ಬ ವಿಯೆಟ್ನಾಂ ಅಂತಾನೆ, ಇನ್ನೊಬ್ಬ ಥಾಯ್ಲೆಂಡ್ ಅಂತಾನೆ. ಮೊದಲ ಸಲ ಹೋಗುವವರಿಗೆ ಯಾವ ದೇಶ, ಯಾವ ತಿಂಗಳು ಸರಿ? (ಕುವೆಂಪುನಗರ, ಮೈಸೂರು)

ನಿಮ್ಮ ಇಬ್ಬರು ಗೆಳೆಯರೂ ಬೇಜಾರು ಮಾಡಿಕೊಳ್ಳಲಿ ಪರವಾಗಿಲ್ಲ, ಮೊದಲ ಸಲಕ್ಕೆ ಶ್ರೀಲಂಕಾಕ್ಕೆ ಹೋಗಿ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ ಅಷ್ಟೇ. ಮೈಸೂರಿನಿಂದ ಬೆಂಗಳೂರು ವಿಮಾನ ನಿಲ್ದಾಣ ತಲುಪುವುದಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು! ಅಲ್ಲಿಯೂ ನಮ್ಮ ಹಾಗೆ ರಸ್ತೆಯ ಎಡಗಡೆಯೇ ಓಡಿಸುತ್ತಾರೆ. ಬಾಡಿಗೆಗೆ ಸಿಗುವ ಗಾಡಿಗಳಲ್ಲಿ ಬಜಾಜ್, ಟಿವಿಎಸ್ ಬೇಕಾದಷ್ಟಿವೆ, ಆದ್ದರಿಂದ ಕೆಟ್ಟರೂ ಸಣ್ಣ ಊರಿನ ಮೆಕ್ಯಾನಿಕ್ ಬಿಚ್ಚಿ ಜೋಡಿಸಿ ಕೊಡುತ್ತಾನೆ. ಹೊಸ ದೇಶ, ಹೊಸ ಗಾಡಿ, ಹೊಸ ಟ್ರಾಫಿಕ್ ಮೂರೂ ಒಟ್ಟಿಗೆ ತಲೆ ಮೇಲೆ ಬೀಳುವುದು ಬೇಡ.

ಇನ್ನು ತಿಂಗಳು. ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಶ್ರೀಲಂಕಾ ಅಷ್ಟು ಚಿಕ್ಕ ದ್ವೀಪ, ಆದರೂ ಅದಕ್ಕೆ ಎರಡು ಮಳೆಗಾಲ. ಮೇ ತಿಂಗಳಿಂದ ಸೆಪ್ಟೆಂಬರ್ ತನಕ ನೈಋತ್ಯ ಮುಂಗಾರು, ಅದು ಕೊಲಂಬೊ, ಗಾಲ್ ಇರುವ ಪಶ್ಚಿಮ ಮತ್ತು ದಕ್ಷಿಣದ ದಂಡೆಯನ್ನು ತೋಯಿಸುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಈಶಾನ್ಯದ ಮಳೆ, ಅದು ಟ್ರಿಂಕೋಮಲಿ, ಬಟ್ಟಿಕಲೋವಾ ಇರುವ ಪೂರ್ವ ದಂಡೆಯದು. ಅಂದರೆ ಒಂದು ಕಡೆ ಸಮುದ್ರ ರೊಚ್ಚಿಗೆದ್ದಿದ್ದಾಗ ಇನ್ನೊಂದು ಕಡೆ ಬಿಸಿಲು ಕಾಯುತ್ತಿರುತ್ತದೆ. ಕ್ರಿಸ್‌ಮಸ್ ರಜೆಗೆ ಹೋಗುವುದಾದರೆ ದಕ್ಷಿಣ ಮಾತ್ರ ನೋಡಿ. ಜೂನ್, ಜುಲೈ ಆದರೆ ಪೂರ್ವ. ಪೂರ್ತಿ ದಂಡೆ ಸುತ್ತಬೇಕು ಅನ್ನುವವರಿಗೆ ಎರಡು ಮಳೆಗಳ ನಡುವಿನ ಮಾರ್ಚ್, ಏಪ್ರಿಲ್ ಸರಿ. ಬಿಸಿಲಿನ ಝಳ ಇರುತ್ತದೆ, ಸಂಜೆ ಗುಡುಗಿ ಒಂದು ಮಳೆಯೂ ಬಂದೀತು, ಆದರೆ ಎರಡೂ ಬದಿಯ ರಸ್ತೆ ಓಡಿಸುವ ಹಾಗಿರುತ್ತದೆ. ಏಪ್ರಿಲ್ 13, 14ರ ಆಸುಪಾಸು ಬೇಡ. ಸಿಂಹಳೀಯರಿಗೂ ತಮಿಳರಿಗೂ ಆಗ ಹೊಸ ವರ್ಷ, ಊರಿಗೆ ಊರೇ ಬಾಗಿಲು ಹಾಕಿರುತ್ತದೆ. ಹೋಟೆಲಿನವರೂ ಮನೆಗೆ ಹೋಗಿರುತ್ತಾರೆ.

ಈಗ ದಿಕ್ಕು. ಇದನ್ನು ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ನಾವು ಎಡಗಡೆ ಓಡಿಸುವವರು. ದ್ವೀಪವನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಸುತ್ತಿದರೆ, ಅಂದರೆ ಟ್ರಿಂಕೋಮಲಿಯಿಂದ ಕೆಳಗಿಳಿದು ದಕ್ಷಿಣದ ತುದಿ ಬಳಸಿ ಗಾಲ್ ಮೇಲಾಗಿ ಕೊಲಂಬೊಗೆ ಹತ್ತಿದರೆ, ಸಮುದ್ರ ಪೂರ್ತಿ ನಿಮ್ಮ ಎಡಕ್ಕೇ ಇರುತ್ತದೆ. ಎಲ್ಲಿ ಬೇಕೋ ಅಲ್ಲಿ ಸೀದಾ ಪಕ್ಕಕ್ಕೆ ಎಳೆದು ನಿಲ್ಲಿಸಬಹುದು. ಉಲ್ಟಾ ಸುತ್ತಿದರೆ ಪ್ರತಿ ಸಲವೂ ಎದುರಿನಿಂದ ಬರುವ ಬಸ್ಸಿಗೆ ಅಡ್ಡ ದಾಟಬೇಕು. ಗಾಲ್ ರಸ್ತೆಯ ಖಾಸಗಿ ಬಸ್ಸುಗಳನ್ನು ಒಂದು ದಿನ ನೋಡಿದರೆ ಈ ಮಾತು ಯಾಕೆ ಹೇಳಿದೆ ಅಂತ ಗೊತ್ತಾಗುತ್ತದೆ. ಬಹಳಷ್ಟು ಜನ ಕೊಲಂಬೊದಲ್ಲಿ ಇಳಿದ ತಕ್ಷಣ ಗಾಡಿ ಹತ್ತಿ ದಕ್ಷಿಣಕ್ಕೆ ಹೊರಡುತ್ತಾರೆ, ಆಮೇಲೆ ಸಮುದ್ರವನ್ನು ಲಾರಿಗಳ ಸಂದಿಯಲ್ಲಿ ನೋಡುತ್ತಾರೆ.

ಒಂದು ವಾರಕ್ಕೆ ಪೂರ್ತಿ ಸುತ್ತು ಬೇಡ, ಅರ್ಧ ಸಾಕು. ಟ್ರಿಂಕೋಮಲಿಯಿಂದ ಬಟ್ಟಿಕಲೋವಾ ಸುಮಾರು 135 ಕಿ.ಮೀ., ಅಲ್ಲಿಂದ ಅರುಗಂ ಬೇ ನೂರರ ಮೇಲೆ ಸ್ವಲ್ಪ. ಅಲ್ಲಿಂದ ಮುಂದೆ ಕರಾವಳಿ ರಸ್ತೆಯೇ ಇಲ್ಲ! ಯಾಲ ಅಭಯಾರಣ್ಯ ಅಡ್ಡ ಬರುತ್ತದೆ, ಬೈಕಿಗೆ ಒಳಗೆ ಬಿಡುವುದಿಲ್ಲ. ಒಳನಾಡಿಗೆ ತಿರುಗಿ ಮೊನರಾಗಲ, ಬುತ್ತಲ ಬಳಸಿ ಕತರಗಾಮಕ್ಕೆ ಇಳಿಯಬೇಕು. ಕತರಗಾಮದಲ್ಲಿ ಸುಬ್ರಹ್ಮಣ್ಯನ ಗುಡಿ ಇದೆ. ಹಿಂದೂಗಳು, ಬೌದ್ಧರು, ಮುಸ್ಲಿಮರು, ಆ ನೆಲದ ಮೂಲ ನಿವಾಸಿಗಳಾದ ವೆದ್ದರು, ಎಲ್ಲರೂ ಬರುವ ಜಾಗ ಅದು. ಅಲ್ಲಿಂದ ತಿಸ್ಸ, ಹಂಬನ್‌ತೋಟ, ತಂಗಲ್ಲ, ಮಾತರ, ಗಾಲ್. ಮಾತರದ ಪಕ್ಕದ ದೊಂಡ್ರದಲ್ಲಿ ದ್ವೀಪದ ದಕ್ಷಿಣದ ತುದಿ, ಅಲ್ಲಿ ಎತ್ತರದ ಲೈಟ್‌ಹೌಸ್. ಗಾಲ್‌ನಿಂದ ಕೊಲಂಬೊಗೆ ಹಳೆ ರಸ್ತೆಯಲ್ಲಿ 117 ಕಿ.ಮೀ. ಆಸುಪಾಸು.

ಬುತ್ತಲ–ಕತರಗಾಮ ರಸ್ತೆಯ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿ ಕಾಡಾನೆಗಳು ರಸ್ತೆಗೆ ಬಂದು ನಿಂತು ಗಾಡಿಗಳನ್ನು ತಡೆಯುತ್ತವೆ. ಜನ ತಿನ್ನಲು ಕೊಟ್ಟು ಕೊಟ್ಟು ಅವಕ್ಕೆ ಅಭ್ಯಾಸ ಮಾಡಿಸಿದ್ದಾರೆ. ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಗಾಡಿ ಯಾಕೆ ಬಿಡುವುದಿಲ್ಲ ಅಂತ ಮೈಸೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಬುತ್ತಲ ರಸ್ತೆಗೂ ಸಂಜೆ ಮೇಲೆ ನುಗ್ಗಬೇಡಿ. ಬೆಳಗ್ಗೆ ಬಿಸಿಲು ಏರಿದ ಮೇಲೆ ಹೊರಡಿ. ಆನೆ ಕಂಡರೆ ದೂರದಲ್ಲೇ ನಿಂತು ಬಸ್ಸೋ ಲಾರಿಯೋ ಬರುವ ತನಕ ಕಾಯಿರಿ, ಅದರ ಹಿಂದೆ ಹೋಗಿ. ಫೋಟೊ ಆಮೇಲೆ.

ದಿನಕ್ಕೆ ಎಷ್ಟು ದೂರ? ಮೈಸೂರು–ಬೆಂಗಳೂರು ಲೆಕ್ಕ ಅಲ್ಲಿ ನಡೆಯುವುದಿಲ್ಲ. ಕರಾವಳಿ ರಸ್ತೆ ಅಂದರೆ ಊರಿಗೆ ಅಂಟಿಕೊಂಡ ಊರು, ಶಾಲೆ ಬಿಡುವ ಹೊತ್ತು, ಮೀನು ಮಾರುಕಟ್ಟೆ, ಟುಕ್‌ಟುಕ್. ಗಂಟೆಗೆ 30, 35 ಕಿ.ಮೀ. ಸರಾಸರಿ ಬಂದರೆ ಹೆಚ್ಚು. ದಿನಕ್ಕೆ 150ರ ಮೇಲೆ ಇಟ್ಟುಕೊಳ್ಳಬೇಡಿ, ನೂರು ಆದರೆ ಇನ್ನೂ ಚೆನ್ನ. ಅಲ್ಲಿ ಸದರ್ನ್ ಎಕ್ಸ್‌ಪ್ರೆಸ್‌ವೇ ಇದೆಯಲ್ಲ ಅಂತ ನಕ್ಷೆ ನೋಡಿದವರು ಕೇಳಬಹುದು. ಅದರಲ್ಲಿ ಬೈಕ್ ಬಿಡುವುದಿಲ್ಲ. ನಮ್ಮ ಎಕ್ಸ್‌ಪ್ರೆಸ್‌ವೇಯಲ್ಲೂ 2023ರ ಆಗಸ್ಟ್ 1ರಿಂದ ಬೈಕ್ ಬಿಡದೆ ಸರ್ವಿಸ್ ರಸ್ತೆಗೆ ಅಟ್ಟಿದ್ದಾರಲ್ಲ, ಹಾಗೇ. ಮೊಬೈಲಿನ ನಕ್ಷೆಯಲ್ಲಿ 'ಟೋಲ್ ರಸ್ತೆ ಬೇಡ' ಅನ್ನುವುದನ್ನು ಮೊದಲೇ ಒತ್ತಿಡಿ, ಇಲ್ಲದಿದ್ದರೆ ಅದು ಪದೇ ಪದೇ ಅಲ್ಲಿಗೇ ಎಳೆಯುತ್ತದೆ.

ಕೊಲಂಬೊ ನಗರದ ಒಳಗೆ ಬೈಕ್ ಓಡಿಸುವ ಶಿಕ್ಷೆಯೂ ಬೇಡ. ಡಿಸೆಂಬರ್‌ನಲ್ಲಿ ಹೋಗುವವರು ಕೊಲಂಬೊ ಫೋರ್ಟ್ ಸ್ಟೇಷನ್ನಿನಿಂದ ಮಾತರದ ಕಡೆ ಹೋಗುವ ರೈಲು ಹತ್ತಿ. ಎಷ್ಟೋ ದೂರ ಅದು ಸಮುದ್ರದ ಅಂಚಿನಲ್ಲೇ ಓಡುತ್ತದೆ. ಹಿಕ್ಕಡುವಾದಲ್ಲೋ ವೆಲಿಗಾಮದಲ್ಲೋ ಇಳಿದು ಅಲ್ಲೇ ಬೈಕ್ ಬಾಡಿಗೆಗೆ ಹಿಡಿಯಿರಿ. ತಿಸ್ಸ ತನಕ ಹೋಗಿ, ಸಮುದ್ರ ಎಡಕ್ಕಿಟ್ಟುಕೊಂಡು ನಿಧಾನಕ್ಕೆ ವಾಪಸ್ ಬನ್ನಿ. ಹಿಕ್ಕಡುವಾದ ಹತ್ತಿರದ ಪೆರಲಿಯದಲ್ಲಿ ಒಂದು ಗಳಿಗೆ ಗಾಡಿ ನಿಲ್ಲಿಸಿ. 2004ರ ಡಿಸೆಂಬರ್ 26ರ ಸುನಾಮಿ ಅಲ್ಲಿ ತುಂಬಿದ ರೈಲನ್ನೇ ಎತ್ತಿ ಒಗೆಯಿತು. ಸತ್ತವರು ಸಾವಿರಕ್ಕೂ ಜಾಸ್ತಿ.

ಪ್ರಶ್ನೆ: ನನ್ನ ಹತ್ತಿರ ಕಾರಿನ ಲೈಸೆನ್ಸ್ ಮಾತ್ರ ಇದೆ. ಬೈಕ್ ಇಪ್ಪತ್ತು ವರ್ಷದಿಂದ ಓಡಿಸ್ತಾ ಇದೀನಿ, ಯಾರೂ ಕೇಳಿಲ್ಲ. ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿದ್ರೆ ಸಾಕಲ್ವಾ? (ಮದ್ದೂರು)

ಸಾಲದು ಸ್ವಾಮಿ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಅಂದರೆ ಐಡಿಪಿ, ಹೊಸ ಲೈಸೆನ್ಸ್ ಅಲ್ಲ. ನಿಮ್ಮ ಲೈಸೆನ್ಸಿನಲ್ಲಿ ಏನಿದೆಯೋ ಅದನ್ನೇ ಬೇರೆ ದೇಶದ ಪೊಲೀಸರಿಗೆ ಓದಲು ಬರುವ ಹಾಗೆ ಬರೆದುಕೊಡುವ ಪುಸ್ತಕ. ಕಾರ್ಡಿನಲ್ಲಿ ಗೇರ್ ಇರುವ ಬೈಕ್ ಇಲ್ಲದಿದ್ದರೆ ಪರ್ಮಿಟ್ಟಿನಲ್ಲಿ ಎಲ್ಲಿಂದ ಬರಬೇಕು? ಮೊದಲು ಆರ್‌ಟಿಒಗೆ ಹೋಗಿ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್ ಮಾಡಿಸಿ, ಟೆಸ್ಟ್ ಕೊಟ್ಟು ಬೈಕ್ ಸೇರಿಸಿಕೊಳ್ಳಿ. ಇಪ್ಪತ್ತು ವರ್ಷ ಓಡಿಸಿದವರಿಗೆ ಎಂಟು ಹಾಕುವುದು ಕಷ್ಟವೇ? ಆಮೇಲೆ ನಮೂನೆ 4ಎ ತುಂಬಿ ಐಡಿಪಿಗೆ ಅರ್ಜಿ ಹಾಕಿ. ಸಾರಿಗೆ ಇಲಾಖೆಯ ಸಾರಥಿ ಜಾಲತಾಣದಲ್ಲೇ ಹಾಕಬಹುದು. ಶುಲ್ಕ 1000 ರೂಪಾಯಿ, ಹೆಚ್ಚೆಂದರೆ ಒಂದು ವರ್ಷ ಚಾಲ್ತಿ. ತುಂಬಾ ಮುಂಚೆ ಮಾಡಿಸಿ ಇಟ್ಟುಕೊಂಡರೆ ಹೊರಡುವ ಹೊತ್ತಿಗೆ ಅವಧಿ ಮುಗಿದಿರುತ್ತದೆ.

ಶ್ರೀಲಂಕಾಕ್ಕೆ ಹೋಗುವವರಿಗೆ ಇನ್ನೊಂದು ಮೆಟ್ಟಿಲು ಇದೆ. ನಮ್ಮ ಐಡಿಪಿ ಕೈಯಲ್ಲಿದ್ದರೂ ಅದಕ್ಕೆ ಅಲ್ಲಿಯ ಮಾನ್ಯತೆ ಬೇಕು. ಅದನ್ನು ಈಗ ಯಾವ ಕಚೇರಿ ಕೊಡುತ್ತದೆ ಅಂತ ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಶನಿವಾರ ಸಂಜೆ ಇಳಿಯುವ ಹಾಗೆ ಟಿಕೆಟ್ ಮಾಡಬೇಡಿ. ಹುಣ್ಣಿಮೆ ದಿನವೂ ಬೇಡ. ಪ್ರತಿ ಹುಣ್ಣಿಮೆ ಅಲ್ಲಿ ಪೋಯ, ಸರಕಾರಿ ರಜೆ. ಅವತ್ತು ಮದ್ಯವನ್ನೂ ಮಾರುವುದಿಲ್ಲ. ಇದನ್ನು ನಿಮ್ಮ ಜೊತೆಗಾರರಿಗೆ ಮೊದಲೇ ಹೇಳಿಬಿಡಿ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಕೊನೆ ವರ್ಷ. ಪರೀಕ್ಷೆ ಮುಗಿದ ಮೇಲೆ ವಿಯೆಟ್ನಾಂನಲ್ಲಿ ಹನೋಯ್‌ನಿಂದ ಸೈಗಾನ್ ತನಕ ಬೈಕ್ ಓಡಿಸಬೇಕು. ವಿಡಿಯೊದಲ್ಲಿ ಎಲ್ರೂ ಲೈಸೆನ್ಸ್ ಯಾರೂ ಕೇಳಲ್ಲ ಅಂತಾರೆ. ನಿಜವಾ ಸರ್? (ಮಂಡ್ಯ)

ಕೇಳುತ್ತಾರೆ ತಮ್ಮಾ. ಪೊಲೀಸರು ಕೇಳದಿದ್ದರೂ ಬಿದ್ದ ಮೇಲೆ ಇನ್ಶೂರೆನ್ಸಿನವರು ಕೇಳುತ್ತಾರೆ, ಅದು ಇನ್ನೂ ಕಷ್ಟ.

ವಿಷಯ ಹೀಗಿದೆ. ಜಗತ್ತಿನಲ್ಲಿ ಐಡಿಪಿಗೆ ಒಂದೇ ಒಪ್ಪಂದ ಇಲ್ಲ. 1949ರಲ್ಲಿ ಜಿನೀವಾದಲ್ಲಿ ಒಂದು ಆಯಿತು, 1968ರಲ್ಲಿ ವಿಯೆನ್ನಾದಲ್ಲಿ ಇನ್ನೊಂದು. ಭಾರತ ಕೊಡುವುದು 1949ರ ಪರ್ಮಿಟ್. 2022ರ ಆಗಸ್ಟ್‌ನಲ್ಲಿ ದೇಶಕ್ಕೆಲ್ಲ ಒಂದೇ ಮಾದರಿಯ ಕ್ಯೂಆರ್ ಕೋಡ್ ಇರುವ ಪುಸ್ತಕ ತಂದಾಗಲೂ ಅದನ್ನು ಆ ಒಪ್ಪಂದದ ಪ್ರಕಾರವೇ ಮಾಡಿದರು. ವಿಯೆಟ್ನಾಂ ಒಪ್ಪುವುದು 1968ರದ್ದನ್ನು. ಹಾಗಾಗಿ ಮಂಡ್ಯ ಆರ್‌ಟಿಒದಿಂದ ತಂದ ಪುಸ್ತಕ ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. 50 ಸಿಸಿಗಿಂತ ಮೇಲಿನ ಬೈಕಿಗೆ ಅಲ್ಲಿ ಲೈಸೆನ್ಸ್ ಬೇಕೇ ಬೇಕು. 2025ರ ಜನವರಿ 1ರಿಂದ ದಂಡವನ್ನೂ ಜೋರಾಗಿ ಏರಿಸಿದ್ದಾರೆ. ಬಾಡಿಗೆ ಅಂಗಡಿಯವನು ಏನೂ ಕೇಳದೆ ಕೀ ಕೊಡುತ್ತಾನೆ ನಿಜ. ಅವನಿಗೆ ಬಾಡಿಗೆ ಬಂದರೆ ಆಯಿತು, ನಿನ್ನ ಆಸ್ಪತ್ರೆ ಬಿಲ್ ಅವನ ತಲೆನೋವಲ್ಲ. ಲೈಸೆನ್ಸ್ ಇಲ್ಲದೆ ಓಡಿಸಿ ಬಿದ್ದರೆ ಪ್ರವಾಸ ವಿಮೆ ಒಂದು ಪೈಸೆ ಕೊಡುವುದಿಲ್ಲ. ಕಾಲು ಮುರಿದರೆ ಅಪ್ಪ ಗದ್ದೆ ಮೇಲೆ ಸಾಲ ಮಾಡಬೇಕಾಗುತ್ತದೆ. ವಿಡಿಯೊ ಮಾಡುವವರು ಇದನ್ನು ಹೇಳುವುದಿಲ್ಲ, ಯಾಕೆಂದರೆ ಬಿದ್ದವರು ವಿಡಿಯೊ ಹಾಕುವುದಿಲ್ಲ.

ಆಸೆ ಪೂರ್ತಿ ಬಿಡಬೇಕಾಗಿಲ್ಲ. ಆ ದಂಡೆಯ ಅತಿ ಚೆಂದದ ತುಂಡು ಅಂದರೆ ಹ್ವೇ ಮತ್ತು ಡಾ ನಾಂಗ್ ನಡುವಿನ ಹಾಯ್ ವಾನ್ ಘಾಟಿ. ಸುಮಾರು 21 ಕಿ.ಮೀ., ತುದಿಯಲ್ಲಿ 496 ಮೀಟರ್ ಎತ್ತರ. ಒಂದು ಕಡೆ ಬೆಟ್ಟ, ಕೆಳಗೆ ಸಮುದ್ರ. 2005ರಲ್ಲಿ ಕೆಳಗೆ ಸುರಂಗ ತೆರೆದ ಮೇಲೆ ಲಾರಿಗಳ ಕಾಟವೂ ಕಡಿಮೆ. ಅಲ್ಲಿ ಊರಿನ ಬೈಕ್ ಸವಾರರೇ ನಿಮ್ಮನ್ನು ಹಿಂದೆ ಕೂರಿಸಿಕೊಂಡು ದಿನಪೂರ್ತಿ ಸುತ್ತಿಸುವ ಏರ್ಪಾಡು ಇದೆ. ಹ್ಯಾಂಡಲ್ ನಿನ್ನ ಕೈಯಲ್ಲಿ ಇರುವುದಿಲ್ಲ ಅಂತ ಮುಖ ಸಣ್ಣ ಮಾಡಬೇಡ, ಕಣ್ಣು ಪೂರ್ತಿ ಸಮುದ್ರದ ಮೇಲೆ ಇಡಬಹುದು. ಹನೋಯ್‌ನಿಂದ ಸೈಗಾನ್‌ಗೆ ರೈಲು ಇದೆ, 1726 ಕಿ.ಮೀ., ಅದೂ ಇದೇ ಘಾಟಿಯ ಬುಡದಲ್ಲಿ ನೀರಿನ ಅಂಚು ಹಿಡಿದು ಹೋಗುತ್ತದೆ. ರೈಲಿನಲ್ಲಿ ಹೋಗಿ, ಘಾಟಿಯನ್ನು ಬೈಕಿನ ಹಿಂದೆ ಕೂತು ಹತ್ತು. ಆ ಭಾಗಕ್ಕೆ ಸೆಪ್ಟೆಂಬರ್‌ನಿಂದ ಡಿಸೆಂಬರ್ ಮಳೆ, ಬಿರುಗಾಳಿ, ಪ್ರವಾಹದ ಕಾಲ. ನಿನ್ನ ಪರೀಕ್ಷೆ ಜೂನ್‌ನಲ್ಲಿ ಮುಗಿದರೆ ಸರಿಯಾಗುತ್ತದೆ.

ನಾನೇ ಓಡಿಸಬೇಕು ಅಂತ ಹಟ ಇದ್ದರೆ ಥಾಯ್ಲೆಂಡ್ ನೋಡು. ಅದು 1949ರ ಪರ್ಮಿಟ್ ಒಪ್ಪುತ್ತದೆ, ಅಲ್ಲಿಯೂ ಎಡಗಡೆ ಓಡಿಸುವುದು. ಅಂಡಮಾನ್ ಸಮುದ್ರದ ಬದಿಯ ಫುಕೆಟ್, ಖಾವ್ ಲಾಕ್, ರನಾಂಗ್ ದಾರಿಗೆ ನವೆಂಬರ್‌ನಿಂದ ಏಪ್ರಿಲ್ ಒಣ ಕಾಲ. ಜೂನ್‌ನಲ್ಲಿ ಅಲ್ಲಿ ಮಳೆ ಬಡಿಯುತ್ತದೆ, ಹಾಗಾಗಿ ವರ್ಷದ ಕೊನೆ ತನಕ ಕಾಯಬೇಕು. ಅಷ್ಟರಲ್ಲಿ ಕೆಲಸ ಸಿಕ್ಕಿದರೆ ಸ್ವಂತ ದುಡ್ಡಲ್ಲೇ ಹೋಗಬಹುದು.

ಪ್ರಶ್ನೆ: ನಾನು, ನಮ್ಮ ಮನೆಯವರು ಇಬ್ಬರೇ ಹೋಗಬೇಕು ಅಂತಿದೀವಿ. ಅವರು ಬೈಕ್ ಓಡಿಸ್ತಾರೆ, ನಾನು ಹಿಂದೆ ಕೂರಬೇಕಂತೆ. ನನಗೆ ಸ್ಕೂಟರ್ ಚೆನ್ನಾಗಿ ಬರುತ್ತೆ. ನಾನೂ ಒಂದು ತಗೋಬಾರದಾ? ನಾವು ಮೊಟ್ಟೆ ಸಹ ತಿನ್ನಲ್ಲ, ಊಟಕ್ಕೆ ಏನು ಮಾಡೋದು? (ವಿದ್ಯಾನಗರ, ಮಂಡ್ಯ)

ತಗೊಳ್ಳಿ, ಖಂಡಿತ ತಗೊಳ್ಳಿ. ನಾನು ಹೇಳುವುದಾದರೆ ಇಬ್ಬರೂ ಸ್ಕೂಟರೇ ಹಿಡಿಯಿರಿ. ಶ್ರೀಲಂಕಾದ ದಕ್ಷಿಣ ದಂಡೆ ಹೆಚ್ಚಿನಂಶ ಸಪಾಟು ರಸ್ತೆ, ಊರ ಒಳಗೇ ಓಡಾಟ ಜಾಸ್ತಿ, ಗೇರ್ ಬದಲಾಯಿಸಿ ಬದಲಾಯಿಸಿ ನಿಮ್ಮ ಯಜಮಾನರ ಎಡಗೈ ಸೋಲುವುದಷ್ಟೇ ಲಾಭ. ಇಬ್ಬರು ಮತ್ತು ಒಂದು ವಾರದ ಬಟ್ಟೆ ಒಂದೇ 110 ಸಿಸಿ ಗಾಡಿ ಮೇಲೆ ಹೇರಿದರೆ ಬ್ರೇಕೂ ಸರಿಯಾಗಿ ಹಿಡಿಯುವುದಿಲ್ಲ. ನಿಮ್ಮ ಲೈಸೆನ್ಸಿನಲ್ಲಿ ಗೇರ್ ಇಲ್ಲದ ಗಾಡಿ ಮಾತ್ರ ಇದ್ದರೆ ಅದನ್ನೇ ಹಿಡಿಯಿರಿ. ಹಿಂದೆ ಕೂತವರಿಗೂ ಅಲ್ಲಿ ಹೆಲ್ಮೆಟ್ ಕಡ್ಡಾಯ. ಬಾಡಿಗೆ ಅಂಗಡಿಯ ಹೆಲ್ಮೆಟ್ ನೆಚ್ಚಬೇಡಿ, ನಿಮ್ಮದನ್ನೇ ವಿಮಾನದಲ್ಲಿ ಕೈಚೀಲದ ಜೊತೆ ತಗೊಂಡು ಹೋಗಿ, ಒಳಗೆ ಸಾಕ್ಸ್, ಚಾರ್ಜರ್ ತುಂಬಿಸಬಹುದು.

ಊಟದ ಚಿಂತೆ ಅಷ್ಟೊಂದು ಬೇಡ. ಅನ್ನದ ಜೊತೆ ನಾಲ್ಕೈದು ಪಲ್ಯ, ಸಾರು ಇಡುವುದು ಅಲ್ಲಿಯ ಮಾಮೂಲಿ ಊಟ. ಬೇಳೆ, ಬೀಟ್‌ರೂಟ್, ಹಲಸಿನಕಾಯಿ, ಎಲ್ಲಕ್ಕೂ ತೆಂಗಿನ ಹಾಲು. ನಮ್ಮ ಒತ್ತು ಶಾವಿಗೆಯ ತರದ್ದೇ ಬೆಳಗಿನ ತಿಂಡಿಗೆ ಸಿಗುತ್ತದೆ. ಎಚ್ಚರ ಇರಬೇಕಾದದ್ದು ಒಂದಕ್ಕೆ: ಒಣಮೀನಿನ ಪುಡಿ. ಕಾಯಿ ತುರಿಯ ಚಟ್ನಿ, ಅದಕ್ಕೆ ಪೊಲ್ ಸಂಬೋಲ್ ಅಂತಾರೆ, ಅದರಲ್ಲೂ ಎಷ್ಟೋ ಪಲ್ಯದಲ್ಲೂ ಇದನ್ನು ಉದುರಿಸುತ್ತಾರೆ. 'ಮೀನು ಹಾಕಿದೆಯಾ' ಅಂತ ಕೇಳಿದರೆ ಇಲ್ಲ ಅಂದುಬಿಡಬಹುದು, ಯಾಕೆಂದರೆ ಅವರಿಗೆ ಅದು ಮೀನಿನ ಲೆಕ್ಕವಲ್ಲ, ಒಗ್ಗರಣೆ ಸಾಮಾನಿನ ಲೆಕ್ಕ. 'ಉಂಬಲಕಡ' ಬೇಡ ಅಂತ ಅದರ ಹೆಸರು ಹಿಡಿದೇ ಹೇಳಿ. ತಂಗಲ್ಲದಿಂದ ಹಂಬನ್‌ತೋಟ, ತಿಸ್ಸ ಕಡೆ ರಸ್ತೆ ಬದಿ ಅಂಗಡಿಗಳಲ್ಲಿ ಮಣ್ಣಿನ ಕುಡಿಕೆ ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಅದು ಎಮ್ಮೆ ಮೊಸರು, ಮೇಲೆ ಬೈನೆ ಮರದ ಬೆಲ್ಲದ ಪಾಕ ಸುರಿದು ಕೊಡುತ್ತಾರೆ. ಮಂಡ್ಯದವರು ಬೆಲ್ಲದ ವಿಷಯದಲ್ಲಿ ಬೇರೆಯವರನ್ನು ಒಪ್ಪುವುದು ಕಷ್ಟ, ಗೊತ್ತು. ಆದರೂ ಒಂದು ಕುಡಿಕೆ ತಿಂದು ನೋಡಿ.

ಪ್ರಶ್ನೆ: ಅಪ್ಪನ ಹಳೆ ಯೆಜ್ಡಿ ಇದೆ, ಇಲ್ಲೇ ಯಾದವಗಿರಿ ಫ್ಯಾಕ್ಟರಿಯಲ್ಲಿ ತಯಾರಾಗಿದ್ದು. ಈಗಲೂ ಒಂದೇ ಕಿಕ್ಕಿಗೆ ಸ್ಟಾರ್ಟ್. ಬಾಡಿಗೆ ಗಾಡಿ ಯಾಕೆ, ಇದನ್ನೇ ಹಡಗಿನಲ್ಲಿ ತಗೊಂಡು ಹೋದ್ರೆ? (ಒಂಟಿಕೊಪ್ಪಲು, ಮೈಸೂರು)

ಓದಿ ಖುಷಿಯಾಯಿತು. 1961ರಲ್ಲಿ ಜಾವಾ ಅಂತ ಶುರುವಾಗಿ ಆಮೇಲೆ ಯೆಜ್ಡಿ ಆಗಿ 1996ರಲ್ಲಿ ಮುಚ್ಚಿದ ಕಾರ್ಖಾನೆಯ ಗಾಡಿ ಇನ್ನೂ ಒಂದೇ ಕಿಕ್ಕಿಗೆ ಎದ್ದರೆ ಅದನ್ನು ಕಾಪಾಡಿದವರಿಗೆ ನಮಸ್ಕಾರ. ಆದರೆ ಹಡಗು ಬೇಡ.

ಸ್ವಂತ ಗಾಡಿಯನ್ನು ಬೇರೆ ದೇಶಕ್ಕೆ ಒಯ್ದು ವಾಪಸ್ ತರಲು ಕಾರ್ನೆ ಅನ್ನುವ ಕಾಗದ ಬೇಕು. ಈ ಗಾಡಿಯನ್ನು ಅಲ್ಲಿ ಮಾರುವುದಿಲ್ಲ, ವಾಪಸ್ ತರುತ್ತೇನೆ ಅಂತ ಕಸ್ಟಮ್ಸ್‌ಗೆ ಕೊಡುವ ಖಾತರಿ ಅದು. ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಇದನ್ನು ಕೊಡುತ್ತದೆ, ಅದಕ್ಕೆ ಠೇವಣಿ ಇಡಬೇಕು. ಆಮೇಲೆ ಮರದ ಪೆಟ್ಟಿಗೆ, ಬಂದರು, ಏಜೆಂಟು, ಅಲ್ಲಿ ಬಿಡಿಸಿಕೊಳ್ಳುವ ಓಡಾಟ. ಒಂದು ವಾರದ ಸವಾರಿಗೆ ಒಂದು ತಿಂಗಳ ಕಚೇರಿ ಅಲೆದಾಟ. ನಾಗಪಟ್ಟಣದಿಂದ ಜಾಫ್ನಾ ಹತ್ತಿರದ ಕಾಂಕೇಶನ್‌ತುರೈಗೆ 2023ರಲ್ಲಿ ಹಡಗು ಶುರುವಾಯಿತಲ್ಲ ಅಂತ ಕೇಳಬೇಡಿ, ಅದು ಪ್ರಯಾಣಿಕರ ಹಡಗು, ಗಾಡಿ ಹತ್ತಿಸುವುದಿಲ್ಲ. ಆರು ತಿಂಗಳು ದೇಶ ದೇಶ ಸುತ್ತುವವರಿಗೆ ಕಾರ್ನೆ ಸರಿ. ಒಂದು ವಾರಕ್ಕೆ ಬಾಡಿಗೆಯೇ ಸರಿ.

ಯೆಜ್ಡಿಗೆ ನಮ್ಮ ಕರಾವಳಿಯೇ ಇದೆ. ಮಡಿಕೇರಿ ಮೇಲೆ ಸಂಪಾಜೆ ಘಾಟಿ ಇಳಿದು ಮಂಗಳೂರು, ಅಲ್ಲಿಂದ ಉತ್ತರಕ್ಕೆ ಕಾರವಾರ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಸ್ತೆ. ನವೆಂಬರ್‌ನಲ್ಲಿ ಹೋಗಿ. ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್ ಮನೆಯಿಂದಲೇ ಜಾಸ್ತಿ ತಗೊಂಡು ಹೋಗಿ, ಎಲ್ಲಾ ಬಂಕಿನಲ್ಲೂ ಸಿಗುತ್ತದೆ ಅಂತ ನೆಚ್ಚಬೇಡಿ. ದಿನದ ಕೊನೆಗೆ ಒಂದು ಬಕೆಟ್ ಸಿಹಿನೀರು ಸುರಿಯಿರಿ. ಉಪ್ಪುಗಾಳಿ ಹಳೆ ಕ್ರೋಮಿಗೆ ಆಗಿಬರುವುದಿಲ್ಲ.

ಪ್ರಶ್ನೆ: ಮಗ ಮೆಲ್ಬರ್ನ್‌ನಲ್ಲಿದ್ದಾನೆ. ಮಾರ್ಚ್‌ನಲ್ಲಿ ಎರಡು ತಿಂಗಳಿಗೆ ಹೋಗುತ್ತಿದ್ದೇನೆ. ವಯಸ್ಸು 62. ಗ್ರೇಟ್ ಓಷನ್ ರೋಡ್‌ನಲ್ಲಿ ಬೈಕ್ ಓಡಿಸಬೇಕು ಎಂದರೆ ಮನೆಯಲ್ಲಿ ಎಲ್ಲರೂ ನಗುತ್ತಾರೆ. ಸಾಧ್ಯವೇ? (ಸರಸ್ವತಿಪುರಂ, ಮೈಸೂರು)

ನಗಲಿ ಬಿಡಿ. ನಿತ್ಯ ಓಡಿಸುವ ಕೈ ಆಗಿದ್ದರೆ ಸಾಧ್ಯ, ತಿಂಗಳೂ ಒಳ್ಳೆಯದೇ ಸಿಕ್ಕಿದೆ. ಅಲ್ಲಿ ಮಾರ್ಚ್ ಅಂದರೆ ಬೇಸಿಗೆ ಮುಗಿದು ಹಿತವಾಗಿರುವ ಕಾಲ. ವಿಕ್ಟೋರಿಯಾ ರಾಜ್ಯದಲ್ಲಿ ಆರು ತಿಂಗಳ ಒಳಗಿನ ಭೇಟಿಗೆ ಬಂದವರು ತಮ್ಮ ದೇಶದ ಲೈಸೆನ್ಸಿನಲ್ಲೇ ಓಡಿಸಬಹುದು. ಕರ್ನಾಟಕದ ಕಾರ್ಡ್ ಇಂಗ್ಲಿಷಿನಲ್ಲೇ ಇದೆ. ಐಡಿಪಿಯೂ ಜೊತೆಗಿದ್ದರೆ ಬಾಡಿಗೆ ಅಂಗಡಿಯಲ್ಲಿ ಮಾತು ಬೇಗ ಮುಗಿಯುತ್ತದೆ.

ಆ ರಸ್ತೆ ಟಾರ್ಕಿಯಿಂದ ಆಲನ್ಸ್‌ಫರ್ಡ್ ತನಕ 243 ಕಿ.ಮೀ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು 1919ರಿಂದ 1932ರ ತನಕ ಗುದ್ದಲಿ, ಪಿಕಾಸಿ ಹಿಡಿದು ಕಡಿದ ರಸ್ತೆ, ಯುದ್ಧದಲ್ಲಿ ಸತ್ತ ತಮ್ಮವರ ನೆನಪಿಗೆ. ಟಾರ್ಕಿಯಿಂದ ಪಶ್ಚಿಮಕ್ಕೆ ಹೊರಡಿ. ಅಲ್ಲಿಯೂ ಎಡ ಪಥ, ಸಮುದ್ರವೂ ಎಡಕ್ಕೆ. ಒಂದೇ ದಿನದಲ್ಲಿ ಹೋಗಿ ಬರುವವರೇ ಜಾಸ್ತಿ, ನೀವು ಮೂರು ದಿನ ಮಾಡಿ. ಮೊದಲ ರಾತ್ರಿ ಅಪೊಲೊ ಬೇ, ಎರಡನೆಯದು ಪೋರ್ಟ್ ಕ್ಯಾಂಪ್‌ಬೆಲ್. ಅಪೊಲೊ ಬೇ ಬಿಟ್ಟ ಮೇಲೆ ರಸ್ತೆ ಸಮುದ್ರ ಬಿಟ್ಟು ಆಟ್ವೇ ಕಾಡಿನೊಳಗೆ ನುಗ್ಗುತ್ತದೆ. ಅಲ್ಲಿ ನೆರಳು, ತೇವ, ಉದುರಿದ ಎಲೆ, ತಿರುವಿನಲ್ಲಿ ಜಾರುತ್ತದೆ. ಟ್ವೆಲ್ವ್ ಅಪಾಸಲ್ಸ್ ಅನ್ನುವ ಸುಣ್ಣಕಲ್ಲಿನ ಕಂಬಗಳನ್ನು ಎಣಿಸಲು ಹೋಗಬೇಡಿ, ಹನ್ನೆರಡು ಅನ್ನುವುದು ಹೆಸರಿಗೆ ಮಾತ್ರ. 2005ರಲ್ಲಿ ಒಂದು ಕುಸಿದು ಬಿತ್ತು, ಅಲೆ ಕೊರೆಯುತ್ತಲೇ ಇದೆ. ನನಗೆ ಅದಕ್ಕಿಂತ ಪಕ್ಕದ ಲಾಕ್ ಆರ್ಡ್ ಕಣಿವೆ ದೊಡ್ಡದು ಅನಿಸುತ್ತದೆ. 1878ರಲ್ಲಿ ಲಾಕ್ ಆರ್ಡ್ ಎಂಬ ಹಡಗು ಅಲ್ಲಿ ಒಡೆದು ಇಬ್ಬರು ಮಾತ್ರ ಉಳಿದರು.

ಎರಡು ಮಾತು ನೆನಪಿಡಿ. ಸಂಜೆ ಹೊತ್ತಿಗೆ ಕಾಂಗರೂ, ವಾಲಬಿ ರಸ್ತೆಗೆ ಹಾರುತ್ತವೆ, ಹಾಗಾಗಿ ನಾಲ್ಕು ಗಂಟೆಗೆ ಕೋಣೆ ಸೇರಿ. ಅಲ್ಲಿ ಬಾಡಿಗೆಗೆ ಭಾರದ ದೊಡ್ಡ ಬೈಕುಗಳನ್ನೇ ಮುಂದೆ ಮಾಡುತ್ತಾರೆ. ನಿಂತಲ್ಲಿ ಎರಡೂ ಪಾದ ಪೂರ್ತಿ ನೆಲಕ್ಕೆ ಊರದ ಗಾಡಿ ಬೇಡ ಅಂತ ಹೇಳಿ. ಓಡುವಾಗ ಬೀಳುವವರಿಗಿಂತ ಪಾರ್ಕಿಂಗಿನಲ್ಲಿ ಬೀಳುವವರು ಜಾಸ್ತಿ. ವಾಪಸ್ ಬರುವಾಗ ವಾರ್ನಂಬೂಲ್‌ನಿಂದ ಒಳನಾಡಿನ ಪ್ರಿನ್ಸಸ್ ಹೈವೇ ಹಿಡಿದರೆ ಸುಮಾರು 260 ಕಿ.ಮೀ.ಗೆ ಮೆಲ್ಬರ್ನ್. ನೋಡಲು ಏನಿಲ್ಲ, ಬೇಗ ಮನೆ ಸೇರಬಹುದು.

ಪ್ರಶ್ನೆ: ಬಾಡಿಗೆ ಬೈಕ್ ತಗೋವಾಗ ಏನು ನೋಡಬೇಕು? ವಾಪಸ್ ಕೊಡುವಾಗ ಗೀಚು ಬಿದ್ದಿದೆ ಅಂತ ದುಡ್ಡು ಕೀಳ್ತಾರಂತೆ. (ಶ್ರೀರಂಗಪಟ್ಟಣ)

ಕೀಳುವವರು ಇದ್ದಾರೆ, ಅದಕ್ಕೆ ಮದ್ದೂ ಇದೆ. ಕೀ ತಗೊಳ್ಳುವ ಮುಂಚೆ ಮೊಬೈಲಿನಲ್ಲಿ ಗಾಡಿ ಸುತ್ತ ಒಂದು ವಿಡಿಯೊ ತೆಗೆಯಿರಿ, ಅಂಗಡಿಯವನ ಎದುರಿಗೇ. ಗೀಚು, ಒಡೆದ ಕನ್ನಡಿ, ಇಂಡಿಕೇಟರ್, ಪೆಟ್ರೋಲಿನ ಮುಳ್ಳು ಎಲ್ಲಾ ಬರಲಿ. ಪಾಸ್‌ಪೋರ್ಟ್ ಅಡ ಇಡು ಅಂದರೆ ಬೇರೆ ಅಂಗಡಿಗೆ ನಡೆಯಿರಿ. ಪಾಸ್‌ಪೋರ್ಟ್ ಅವನ ಡ್ರಾಯರಿನಲ್ಲಿದ್ದರೆ ಅವನು ಹೇಳಿದ್ದೇ ರೇಟು. ನಗದು ಠೇವಣಿ ಕೊಡಿ, ಚೀಟಿ ಬರೆಸಿಕೊಳ್ಳಿ.

ಆಮೇಲೆ ಟೈರ್ ನೋಡಿ. ಬೋಳಾಗಿದ್ದರೆ ಬೇಡ. ಎರಡೂ ಬ್ರೇಕ್ ಹಿಡಿದು ನೋಡಿ, ಹೆಡ್‌ಲೈಟ್, ಹಾರನ್ ಒತ್ತಿ ನೋಡಿ, ಚೈನು ಜೋಲುಬಿದ್ದಿದೆಯಾ ನೋಡಿ. ಶ್ರೀಲಂಕಾದಲ್ಲಾದರೆ ರೆವಿನ್ಯೂ ಲೈಸೆನ್ಸ್ (ಗಾಡಿಯ ವರ್ಷದ ತೆರಿಗೆ ಕಟ್ಟಿದ ಕಾಗದ) ಮತ್ತು ವಿಮೆಯ ಕಾಗದ ಗಾಡಿಯಲ್ಲಿರಬೇಕು, ಎರಡರ ತಾರೀಕೂ ಮುಗಿದಿರಬಾರದು. ಪೊಲೀಸರು ಕೇಳುವುದು ಅದನ್ನೇ. ಅಂಗಡಿಯ ವಿಮೆ ಎದುರಿನವರಿಗೆ ಆದ ಹಾನಿಗೆ ಮಾತ್ರ ಅನ್ನುವುದೇ ಹೆಚ್ಚು. ನಿಮಗೆ ಏನಾದರೂ ಆದರೆ ಇಲ್ಲಿಂದ ಮಾಡಿಸಿಕೊಂಡ ಪ್ರವಾಸ ವಿಮೆಯೇ ಗತಿ. ಆ ಪಾಲಿಸಿಯಲ್ಲಿ ದ್ವಿಚಕ್ರ ವಾಹನ ಸೇರಿದೆಯಾ, ಎಷ್ಟು ಸಿಸಿ ತನಕ ಅಂತ ಏಜೆಂಟನ ಬಾಯಿ ಮಾತು ನಂಬದೆ ಓದಿ ನೋಡಿ. ಎಷ್ಟೋ ಪಾಲಿಸಿಗಳಲ್ಲಿ ಇರುವುದಿಲ್ಲ.

ಇನ್ನೊಂದು ಸಣ್ಣ ವಸ್ತು. ಅಂಗೈಯಗಲದ ಒಂದು ಗಟ್ಟಿ ಪ್ಲಾಸ್ಟಿಕ್ ಬಿಲ್ಲೆಯೋ ಹಲಗೆ ಚೂರೋ ಜೇಬಿನಲ್ಲಿ ಇಟ್ಟುಕೊಳ್ಳಿ. ಮರಳಿನಲ್ಲಿ ಗಾಡಿ ನಿಲ್ಲಿಸುವಾಗ ಸೈಡ್ ಸ್ಟ್ಯಾಂಡಿನ ಕೆಳಗೆ ಇಡಲು. ಬೀಚಿನಲ್ಲಿ ಬೀಳುವ ಬಾಡಿಗೆ ಗಾಡಿಗಳು ಬಹಳಷ್ಟು ಹೀಗೇ, ಸವಾರ ಎಳನೀರು ಕುಡಿಯುತ್ತಿರುವಾಗ ನಿಂತಲ್ಲೇ ಬೀಳುತ್ತವೆ, ಮತ್ತು ಆ ಗೀಚಿಗೆ ದುಡ್ಡು ನೀವೇ ಕೊಡಬೇಕು.